ಶೀಟಿನ ಮಾಡು ಮತ್ತು ಚಾವಡಿಯ ಕಂಬ

ಬಿ.ಸಿ.ರೋಡಿನಿಂದ ಪುಂಜಾಲಕಟ್ಟೆ ದಾಟಿ ಗುರುವಾಯನಕೆರೆ, ಅಲ್ಲಿಂದ ವೇಣೂರು ದಾರಿಯಾಗಿ ಮೂಡುಬಿದಿರೆ. ಈ ರಸ್ತೆಯ ಇಕ್ಕೆಲಗಳಲ್ಲಿ ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಎದ್ದ ಮನೆಗಳನ್ನು ನೋಡುತ್ತ ಹೋದರೆ ಎರಡು ಸಂಗತಿ ಎದ್ದು ಕಾಣುತ್ತವೆ. ಒಂದು, ಪ್ರತಿ ಮನೆಯ ಮುಖದಲ್ಲೂ ನೆರೆಮನೆಯಲ್ಲಿ ಇಲ್ಲದ್ದೊಂದು ಇರಲೇಬೇಕೆಂಬ ಹಟ: ಸಿಟ್‌ಔಟಿಗೆ ಗ್ರಾನೈಟ್ ಹೊದಿಸಿದ ದಪ್ಪ ಕಂಬ, ಸಿಎನ್‌ಸಿ ಯಂತ್ರದಲ್ಲಿ ಕೊರೆಸಿದ ಜಾಲರಿ, ಆನೆ ಗಂಡಭೇರುಂಡ ಕೆತ್ತಿಸಿದ ಮುಂಬಾಗಿಲು, ಕಾಂಕ್ರೀಟ್ ಇಳಿಜಾರಿಗೆ ಅಂಟಿಸಿದ ಹಂಚು. ಇನ್ನೊಂದು, ಇವುಗಳಲ್ಲಿ ಬಹುಪಾಲು ಮನೆಗಳ ನೆತ್ತಿಯ ಮೇಲೆ ಕಬ್ಬಿಣದ ಟ್ರಸ್ ಏರಿಸಿ ಹೊದಿಸಿದ ನೀಲಿಯದೋ ಕೆಂಪಿನದೋ ಶೀಟು. ಮೊದಲನೆಯದನ್ನು ವಿನ್ಯಾಸ ಎನ್ನುತ್ತೇವೆ, ಹಣ ಕೊಟ್ಟು ಬರೆಸುತ್ತೇವೆ, ಗೃಹಪ್ರವೇಶಕ್ಕೆ ಬಂದವರಿಗೆ ತೋರಿಸುತ್ತೇವೆ. ಎರಡನೆಯದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಒಂದೆರಡು ಮಳೆಗಾಲ ಕಳೆದ ಮೇಲೆ ವೆಲ್ಡಿಂಗ್‌ನವರು ಬಂದು ಅಳತೆ ತೆಗೆದು ಹಾಕಿ ಹೋಗುತ್ತಾರೆ. ನನ್ನ ವಾದ ಇಷ್ಟು: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯಲ್ಲಿ ಮನೆಗೊಂದು ವಿಶೇಷ ಬಂದದ್ದು ಬೇರೆಯಾಗಿ ಕಾಣಬೇಕೆಂಬ ಆಸೆಯಿಂದಲ್ಲ, ಮಳೆಗೆ, ಕೃಷಿಗೆ, ಮನೆಗೆ ಬರುವ ಜನಕ್ಕೆ, ದೈವಕ್ಕೆ ಕೊಡಬೇಕಾದ ಉತ್ತರದಿಂದ. ಆ ಲೆಕ್ಕದಲ್ಲಿ ಇಂದು ನಮ್ಮ ಊರಿನ ನಿಜವಾದ ವಿನ್ಯಾಸ ವಿಶೇಷ ಆ ಶೀಟಿನ ಮಾಡೇ. ಅದು ಚಂದ ಕಾಣುವುದಿಲ್ಲವಾದರೆ ಅದಕ್ಕೆ ಕಾರಣ, ನಾವು ಅದನ್ನು ವಿನ್ಯಾಸವೆಂದು ಒಪ್ಪಿಕೊಳ್ಳದಿರುವುದು.

ಮಳೆಯಿಂದಲೇ ತೊಡಗಬೇಕು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಘಟ್ಟದ ಬುಡದ ಬೆಳ್ತಂಗಡಿ ಕಡೆ ಹೊಯ್ಯುವ ಮಳೆ ಇನ್ನೂ ಜೋರು. ಬೆಂಗಳೂರಿನದು 1,000 ಮಿ.ಮೀ. ಆಸುಪಾಸು. ಎಲಿವೇಶನ್ ಚಿತ್ರಗಳು ಮೊಬೈಲಿನಲ್ಲಿ ಹರಿದು ಬರುವುದು ಹೆಚ್ಚಾಗಿ ಆ ಕಡಿಮೆ ಮಳೆಯ ಊರುಗಳಿಂದ. ಡಬ್ಬಿಯಂತಹ ಮುಖ, ಚಾಚಿಲ್ಲದ ಗೋಡೆ, ಮೂಲೆಯಲ್ಲಿ ಕಿಟಕಿ, ಮೇಲೆ ಸಪಾಟು ತಾರಸಿ. ಅಲ್ಲಿ ಅದು ಹತ್ತು ವರ್ಷ ಬಾಳುತ್ತದೆ. ಇಲ್ಲಿ ಎರಡನೇ ಆಟಿ ತಿಂಗಳ ಮಳೆಗೆ ಪಡುವಣ ಗೋಡೆ ಪಾಚಿಗಟ್ಟಿ ಕಪ್ಪಾಗುತ್ತದೆ, ಮೂರನೆಯದಕ್ಕೆ ಮಹಡಿಯ ಕೋಣೆಯ ಮೂಲೆಯಲ್ಲಿ ಸುಣ್ಣ ಉಬ್ಬಿ ಬರುತ್ತದೆ. ಹಳೆಯ ಮನೆ ಕಟ್ಟಿದವರು ಗೋಡೆಗಿಂತ ಮೊದಲು ಮಾಡನ್ನು ಯೋಚಿಸಿದವರು. ಪಕ್ಕಾಸುಗಳು ಗೋಡೆ ದಾಟಿ ಮೂರು ನಾಲ್ಕು ಅಡಿ ಹೊರಗೆ ಚಾಚಿ, ಜಗಲಿಯ ಕಂಬದ ಮೇಲೆ ಕೂತು, ಅಲ್ಲಿಂದಲೂ ಮುಂದೆ ಇಳಿದು ನೀರನ್ನು ಅಂಗಳಕ್ಕೆ ಎಸೆಯಬೇಕು. ಮಾಡಿನ ಅಂಚು ಎಷ್ಟು ಕೆಳಗೆ ಇಳಿದಿರುತ್ತದೆ ಎಂದರೆ ಎತ್ತರದ ಆಳು ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಇದನ್ನು ವಿನಯ ಕಲಿಸುವ ವಾಸ್ತು ಎಂದು ವ್ಯಾಖ್ಯಾನಿಸುವವರಿದ್ದಾರೆ. ಇರಬಹುದು. ಆದರೆ ಓರೆ ಹೊಡೆಯುವ ಮಳೆ ಜಗಲಿಗೆ ಎರಚದಿರಲು ಮಾಡು ಅಷ್ಟು ಇಳಿಯಲೇಬೇಕು ಎಂಬುದು ಅದಕ್ಕಿಂತ ಗಟ್ಟಿಯಾದ ಕಾರಣ. ಗೋಡೆಯ ಕೆಂಪುಕಲ್ಲಿಗೂ ಅದೇ ರಕ್ಷೆ. ಕೋರೆಯಲ್ಲಿ ಕಡಿಯುವಾಗ ಮೆತ್ತಗಿದ್ದು ಗಾಳಿಬಿಸಿಲಿಗೆ ಗಡುಸಾಗುವ ಈ ಕಲ್ಲು ಮೈತುಂಬ ತೂತಿನದು, ನೀರು ಕುಡಿಯುತ್ತದೆ. ಈಗ ಗಾರೆ ಮಾಡದೆ ವಾರ್ನಿಶ್ ಬಳಿದು ಕೆಂಪುಕಲ್ಲನ್ನೇ ತೋರಿಸುವ ಶೋಕಿ ಬಂದಿದೆ. ನೋಡಲು ಚಂದವೇ, ಆಕ್ಷೇಪವಿಲ್ಲ. ಆದರೆ ಮೇಲೆ ಚಾಚು ಇಲ್ಲದ ಕಡೆ ಆ ಚಂದ ಎರಡು ಮಳೆಗಾಲದ ಮಾತು.

ಈ ಸೀಮೆಯಲ್ಲಿ ಕಲ್ಲು ಕೂಡ ಮಳೆಯ ಮಾತನ್ನೇ ಕೇಳಿದೆ ಎಂಬುದಕ್ಕೆ ಮೂಡುಬಿದಿರೆಯ ಬಸದಿಗಳಿಗಿಂತ ದೊಡ್ಡ ಸಾಕ್ಷಿ ಬೇಡ. ಸಾವಿರ ಕಂಬದ ಬಸದಿ ಎಂದು ಹೆಸರಾದ ತ್ರಿಭುವನ ತಿಲಕ ಚೂಡಾಮಣಿ ಬಸದಿ 1430ರದು. ಘಟ್ಟದ ಮೇಲಿನ ದೇಗುಲಗಳಿಗಿರುವಂತೆ ಅದಕ್ಕೆ ಶಿಖರವಿಲ್ಲ. ಇರುವುದು ಅಂತಸ್ತು ಅಂತಸ್ತಾಗಿ ಇಳಿಯುವ ಓರೆ ಮಾಡು. ಕೆಳಗಿನ ಅಂತಸ್ತಿನಲ್ಲಿ ಉದ್ದುದ್ದದ ಕಲ್ಲಿನ ಚಪ್ಪಡಿಗಳನ್ನು ಹಲಗೆ ಹೊದಿಸಿದಂತೆ ಓರೆಯಾಗಿ ಹೊದಿಸಿದ್ದಾರೆ. ಹತ್ತೊಂಬತ್ತನೇ ಶತಮಾನದ ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್ನನಿಗೆ ಇದು ನೇಪಾಳವನ್ನು ನೆನಪಿಸಿತು. ಮರದ ಕೆಲಸವನ್ನು ಕಲ್ಲಿನಲ್ಲಿ ಮಾಡಿದಂತಿದೆ ಎಂದು ಆತ ಕಂಡದ್ದು ಸರಿಯೇ. ಆದರೆ ಆ ಮರದ ಕೆಲಸ ಹುಡುಕಲು ಹಿಮಾಲಯಕ್ಕೆ ಹೋಗಬೇಕಿಲ್ಲ, ಬಸದಿಯ ಹಿಂದಿನ ಕೇರಿಯ ಮನೆಗಳ ಮಾಡು ಸಾಕು. ದೇವರ ಮನೆಯೂ ಶ್ರಾವಕರ ಮನೆಯೂ ಒಂದೇ ಮಳೆಗೆ ಒಂದೇ ಬಗೆಯ ಉತ್ತರ ಕೊಟ್ಟಿವೆ. ಒಂದರಲ್ಲಿ ಕಲ್ಲು, ಇನ್ನೊಂದರಲ್ಲಿ ಮುಳಿಹುಲ್ಲು, ಅಷ್ಟೇ ವ್ಯತ್ಯಾಸ.

ಇಲ್ಲಿ ಒಂದು ಬಲವಾದ ಆಕ್ಷೇಪ ಎದುರಾಗುತ್ತದೆ. ಎಲ್ಲವೂ ಕೆಲಸಕ್ಕಾಗಿಯೇ ಇದ್ದದ್ದಾದರೆ ಅದೇ ಮೂಡುಬಿದಿರೆಯ ಚೌಟರ ಅರಮನೆಯ ಕಂಬಗಳಿಗೆ ಏನು ಹೇಳುತ್ತೀರಿ? ಒಂಬತ್ತು ಹೆಂಗಸರು ಹೆಣೆದುಕೊಂಡು ಆನೆಯಾದ ನವನಾರಿ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರಿ ತುರಗ: ಇವು ಯಾವ ಮಳೆಯನ್ನು ತಡೆದವು? ಪ್ರಶ್ನೆ ನ್ಯಾಯದ್ದು. ಉತ್ತರ ಸಿಗುವುದು ಕಂಬದ ಕೆತ್ತನೆಯನ್ನಷ್ಟೇ ನೋಡಿದಾಗಲ್ಲ, ಆ ಕಂಬ ನಿಂತ ಜಾಗವನ್ನು ನೋಡಿದಾಗ. ಕೆತ್ತನೆ ಇರುವುದು ಚಾವಡಿಯಲ್ಲಿ. ಅಂದರೆ ಸೀಮೆಯ ಜನ ಬಂದು ಕೂರುವ, ತಕರಾರು ತೀರ್ಮಾನವಾಗುವ, ಗೇಣಿಯ ಮಾತು ನಡೆಯುವ, ದೈವದ ಕಾರ್ಯಕ್ಕೆ ದಿನ ಗೊತ್ತುಮಾಡುವ ಜಾಗದಲ್ಲಿ. ಬಂಗರು, ಅಜಿಲರು, ಚೌಟರು ಆಳಿದ ಈ ಮೂರು ತಾಲೂಕುಗಳಲ್ಲಿ ಅರಮನೆ, ಬೀಡು, ಗುತ್ತು, ಬಾರಿಕೆ ಎಂಬ ಅಧಿಕಾರದ ಮೆಟ್ಟಿಲುಗಳಿದ್ದವು. ಅಳದಂಗಡಿಯ ಅಜಿಲರ ಅರಮನೆಯಿಂದ ಹಿಡಿದು ಒಂದು ಗ್ರಾಮದ ಗುತ್ತಿನ ಮನೆಯವರೆಗೆ ಚಾವಡಿಯೆಂಬುದು ಅರ್ಧ ಮನೆ, ಅರ್ಧ ಕಚೇರಿ. ಅಲ್ಲಿನ ಕಂಬದ ಮೇಲಿನ ಬೋದಿಗೆ, ದಾರಂದದ ಬಳ್ಳಿ, ಮುಚ್ಚಿಗೆಯ ಪದ್ಮ ಇವು ಯಜಮಾನನ ಖಾಸಗಿ ರುಚಿಯ ಪ್ರದರ್ಶನಗಳಲ್ಲ, ಆ ಸ್ಥಾನದ ಗುರುತುಗಳು. ಹೊಸಬ ಗಡಿ ಹಿಡಿದು ಯಜಮಾನನಾದಾಗಲೂ ಕಂಬ ಬದಲಾಗುತ್ತಿರಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು, ಚಾವಡಿ ದಾಟಿ ಒಳಗೆ ಹೋದರೆ ಕೆತ್ತನೆ ನಿಂತುಬಿಡುತ್ತದೆ. ನಡುಮನೆಯ ಕಂಬಕ್ಕೆ ನಾಲ್ಕು ಮೂಲೆ ಸವರಿದ್ದೇ ಹೆಚ್ಚು. ಅಡುಗೆಮನೆಯ, ಬತ್ತದ ಕೋಣೆಯ, ಅಟ್ಟದ ಮರಕ್ಕೆ ಉಳಿಯ ಅಲಂಕಾರ ತಾಗುವುದಿಲ್ಲ. ಅಲ್ಲಿ ಬಾಚಿಯಲ್ಲಿ ಕೆತ್ತಿದ ಗುರುತು ಹಾಗೇ ಉಳಿದಿರುತ್ತದೆ. ಒಟ್ಟು ಮನೆಯ ಮರದಲ್ಲಿ ಕೆತ್ತನೆ ಕಂಡದ್ದು ನಾಲ್ಕು ಕಂಬ, ಒಂದು ದಾರಂದ, ಚಾವಡಿಯ ಮುಚ್ಚಿಗೆ, ದೈವದ ಕೋಣೆಯ ಬಾಗಿಲು, ತೂಗುವ ಮಂಚ ಇಷ್ಟೇ. ಎಲ್ಲಿ ಕೆತ್ತಬೇಕು ಎಂಬುದರಷ್ಟೇ ಗಟ್ಟಿಯಾಗಿ ಎಲ್ಲಿ ಕೆತ್ತಬಾರದು ಎಂಬುದೂ ತೀರ್ಮಾನವಾಗಿತ್ತು. ಹೊಸ ಮನೆಗಳಲ್ಲಿ ಕಳೆದುಹೋದದ್ದು ಈ ತೀರ್ಮಾನ. ಸಿಎನ್‌ಸಿ ಯಂತ್ರಕ್ಕೆ ಒಂದು ಹೂವು ಕೊರೆಯುವುದೂ ನೂರು ಹೂವು ಕೊರೆಯುವುದೂ ಒಂದೇ, ಹಾಗಾಗಿ ಟಿ.ವಿ.ಯ ಹಿಂದೆ, ಮೆಟ್ಟಿಲಿನ ಬದಿಯಲ್ಲಿ, ದೇವರ ಕೋಣೆಯಲ್ಲಿ, ಗೇಟಿನಲ್ಲಿ ಅದೇ ಹೂವು. ಎಲ್ಲ ಕಡೆ ಇರುವುದನ್ನು ವಿಶೇಷ ಎನ್ನುವುದು ಹೇಗೆ?

ಹತ್ತಿರದಿಂದ ನೋಡಬೇಕಾದ ಒಂದು ಭಾಗವಿದೆ. ಅದು ದಳಿ. ವಿಟ್ಲ, ಮುಂಡಾಜೆ ಕಡೆಯ ತೋಟದ ಮನೆಗಳಲ್ಲಿ ಇದನ್ನು ಇನ್ನೂ ಕಾಣಬಹುದು. ಜಗಲಿಯ ಅರೆಗೋಡೆಯ ಮೇಲಿಂದ ತೊಲೆಯವರೆಗೆ ಸಾಲಾಗಿ ನಿಲ್ಲಿಸಿದ ಮರದ ಪಟ್ಟಿಗಳು, ಎರಡರ ನಡುವೆ ಕೈ ಹೋಗುವಷ್ಟೂ ಇಲ್ಲದ ಸಂದು. ಪಟ್ಟಿಯ ತುದಿಗಳು ಮೇಲೆ ಕೆಳಗೆ ಕೊರೆದ ಜಾಡಿನಲ್ಲಿ ಕೂತಿರುತ್ತವೆ, ಮೊಳೆ ಇಲ್ಲ. ಒಂದು ಪಟ್ಟಿ ಹಾಳಾದರೆ ಅದೊಂದನ್ನೇ ಎತ್ತಿ ತೆಗೆದು ಬೇರೆ ಕೂರಿಸಬಹುದು. ದನಕರು, ನಾಯಿ ಒಳಗೆ ಬರುವುದಿಲ್ಲ, ಗಾಳಿ ನಿಲ್ಲುವುದಿಲ್ಲ. ಒಳಗೆ ಕೂತವರಿಗೆ ಅಂಗಳದಲ್ಲಿ ಬಂದವರು ಯಾರೆಂದು ಕಾಣುತ್ತದೆ. ಹೊರಗಿನ ಬೆಳಕಿನಲ್ಲಿ ನಿಂತವರಿಗೆ ಒಳಗಿನವರು ಕಾಣುವುದಿಲ್ಲ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಒಣಗುವುದೂ ಅದರ ಒಳಬದಿಯ ಹಗ್ಗದಲ್ಲೇ. ಇಷ್ಟೆಲ್ಲ ಕೆಲಸ ಮಾಡುವ ಒಂದು ಭಾಗವನ್ನು ಯಾವ ಕ್ಯಾಟಲಾಗೂ ಮಾರುವುದಿಲ್ಲ, ಏಕೆಂದರೆ ಅದರ ಅಳತೆ ಆ ಜಗಲಿಯದೇ. ನಾವು ಅದನ್ನು ತೆಗೆದು ಕಬ್ಬಿಣದ ಗ್ರಿಲ್ ಹಾಕಿದೆವು, ಗ್ರಿಲ್‌ನಲ್ಲಿ ಸೊಳ್ಳೆಯೂ ದೃಷ್ಟಿಯೂ ನುಗ್ಗಿದಾಗ ಪರದೆ ಕಟ್ಟಿದೆವು, ಪರದೆಯಿಂದ ಕತ್ತಲಾದಾಗ ಹಗಲಲ್ಲೂ ಲೈಟು ಹಾಕಿದೆವು. ದಳಿ ಸೊಳ್ಳೆ ತಡೆಯುತ್ತಿರಲಿಲ್ಲ ಎಂಬುದು ನಿಜ. ಅದರ ಹಿಂದೆ ಬಲೆ ಹೊಡೆದರೆ ತೀರುವ ತೊಂದರೆ ಅದು.

ಹಳೆಯದನ್ನು ಹೀಗೆ ಹೊಗಳುವಾಗ ಯಾರ ಹಳೆಯದು ಎಂದು ಕೇಳುವವರು ಬೇಕು. ಗುತ್ತಿನ ಮನೆಯ ಚಾವಡಿ ಎಲ್ಲರ ಚಾವಡಿ ಆಗಿರಲಿಲ್ಲ. ಅಂಗಳದ ಆಚೆಯೇ ನಿಂತು ಮಾತಾಡಬೇಕಾಗಿದ್ದ ಜನರಿದ್ದರು. ಅವರದು ಮಣ್ಣಿನ ಗೋಡೆ, ಮುಳಿಹುಲ್ಲಿನ ಮಾಡು. ದೊಡ್ಡ ಮನೆಯೊಳಗೂ ಅಡುಗೆಕೋಣೆ ಹೊಗೆಯ ಗೂಡು, ಹೆಂಗಸರ ಬದುಕಿನ ಅರ್ಧ ಅಲ್ಲೇ. 1974ರಿಂದ ಜಾರಿಯಾದ ಭೂಸುಧಾರಣೆಯ ತಿದ್ದುಪಡಿ ಒಕ್ಕಲುಗಳನ್ನು ಒಡೆಯರನ್ನಾಗಿ ಮಾಡಿದಾಗ ಆ ಕುಟುಂಬಗಳು ಕಟ್ಟಿದ ಮೊದಲ ತಾರಸಿ ಮನೆ ಗುತ್ತಿನ ಮನೆಯ ಹಾಗೆ ಇರಬಾರದು ಎಂದೇ ಕಟ್ಟಿದ್ದು. ಅದರ ಸಪಾಟು ಮುಖದಲ್ಲಿ ಒಂದು ಘನತೆಯಿದೆ. ಮಳೆಗೆ ಸೋರಿದರೂ ಇದೆ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಇದು ನನ್ನ ವಾದಕ್ಕೆ ಎದುರಾಗುವುದಿಲ್ಲ. ಹಳೆಯ ಮನೆಯ ರೂಪ ನಕಲಿಸಬೇಕೆಂದು ನಾನು ಹೇಳುತ್ತಿಲ್ಲ. ವಿಚಿತ್ರವೆಂದರೆ ನಕಲು ನಡೆಯುತ್ತಿರುವುದು ಈಗ. ಗುತ್ತಿನ ಮನೆ ಮಾದರಿಯೆಂದು ಕಟ್ಟುವ ರೆಸಾರ್ಟು, ಸಭಾಂಗಣ, ಶ್ರೀಮಂತರ ಮನೆಗಳಲ್ಲಿ ಚಾವಡಿ ಇದೆ, ಬಂದು ಕೂರುವ ಊರಿನವರಿಲ್ಲ. ಫೈಬರಿನ ಕಂಬ ಇದೆ, ಅದು ಹೊರುವ ಮಾಡಿಲ್ಲ. ಹಳೆಯ ಮನೆಯಿಂದ ಕಲಿಯಬೇಕಾದ್ದು ರೀತಿಯನ್ನು. ಮೇಲರಿಮೆಯನ್ನು ಎತ್ತಿ ತಂದು ರೀತಿಯನ್ನು ಅಲ್ಲೇ ಬಿಟ್ಟರೆ ಎರಡು ಕಡೆಯಿಂದಲೂ ನಷ್ಟ.

ಬಂಟ್ವಾಳ ಪೇಟೆಯ ಮನೆಗಳು ಈ ಗುತ್ತಿನ ಕಥೆಯ ಹೊರಗಿನವು, ಆದ್ದರಿಂದಲೇ ನೋಡತಕ್ಕವು. ನೇತ್ರಾವತಿಯ ದಂಡೆಯ ಹಳೇ ವ್ಯಾಪಾರದ ಪೇಟೆ ಅದು. ರಸ್ತೆಗೆ ಮುಖ ಮಾಡಿದ ಅಂಗಡಿ, ಹಿಂದೆ ಉದ್ದಕ್ಕೆ ಚಾಚಿದ ಮನೆ, ನಡುವೆ ಬೆಳಕಿಗೆ ಒಂದಿಷ್ಟು ಬಯಲು, ಮೇಲೆ ಅಟ್ಟ ಅಥವಾ ಉಪ್ಪರಿಗೆ. 1923ರಲ್ಲಿ, ಮತ್ತೆ 1974ರಲ್ಲಿ ನೆರೆ ಪೇಟೆಯೊಳಗೆ ನುಗ್ಗಿದ್ದನ್ನು ಕಂಡ ಊರಿನಲ್ಲಿ ಉಪ್ಪರಿಗೆ ಎಂದರೆ ಅಕ್ಕಿಮೂಟೆ, ಲೆಕ್ಕದ ಪುಸ್ತಕ, ಮನೆಮಂದಿ ಎಲ್ಲರೂ ಹತ್ತಿ ಕೂರಬೇಕಾದ ಜಾಗ. ಇಲ್ಲಿ ಕೆತ್ತನೆ ಬಹಳ ಇಲ್ಲ. ಅಂಗಡಿಯ ಮುಂದಿನ ಹಲಗೆ ಬಾಗಿಲು ಇದೆ: ಒಂದೊಂದೇ ಹಲಗೆ ಜಾರಿಸಿ ಕೂರಿಸುವಂಥದ್ದು, ಎಷ್ಟು ಬೇಕೋ ಅಷ್ಟೇ ತೆರೆಯಬಹುದು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, ದಿಡುಪೆ ಕಡೆ ಹೊಳೆ ತೋಟ ಮನೆಗಳನ್ನು ಕೊಚ್ಚಿದ ಮೇಲೂ ನದಿ ಬದಿಯ ಹೊಸ ಮನೆಗಳ ನಕ್ಷೆಯಲ್ಲಿ ನೆರೆಯ ಮಟ್ಟಕ್ಕೆ ಒಂದು ಗೆರೆ ಬರುತ್ತಿಲ್ಲ ಎಂಬುದು ಈ ಪೇಟೆಯ ಅಟ್ಟದ ಮುಂದೆ ನಿಂತಾಗ ಇನ್ನಷ್ಟು ಚುಚ್ಚುತ್ತದೆ.

ಇನ್ನೊಂದು ಆಕ್ಷೇಪ ಕುಶಲಕರ್ಮಿಗಳ ಪರವಾಗಿ ಬರುತ್ತದೆ: ಕೈಕೆಲಸ ಹೋಯಿತು, ಕಾರ್ಖಾನೆಯ ಮಾಲು ಬಂತು, ಹಾಗಾಗಿ ವಿಶೇಷ ಸತ್ತಿತು ಎಂದು. ಇದು ಅರ್ಧ ಸತ್ಯ. ನಾವು ಪರಂಪರೆಯೆಂದು ಎದೆಗೊತ್ತಿಕೊಳ್ಳುವ ಮಂಗಳೂರು ಹಂಚೇ ಕಾರ್ಖಾನೆಯ ಮಾಲು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ನೇತ್ರಾವತಿ, ಗುರುಪುರ ನದಿಗಳ ಜೇಡಿ, ಯುರೋಪಿನ ಅಚ್ಚು. ಒಂದಕ್ಕೊಂದು ಸಿಕ್ಕಿಸುವ ಆ ಹಂಚು ಬಂದಾಗ ಮುಳಿಹುಲ್ಲೂ ಕುಂಬಾರರ ನಾಡಹಂಚೂ ಹಿಂದೆ ಸರಿದವು. ಲಕ್ಷಾಂತರ ಹಂಚುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಭೇದವಿಲ್ಲ. ಆದರೂ ಎರಡು ಹಂಚಿನ ಮನೆಗಳು ಒಂದೇ ತೆರನಾಗಿ ಇರಲಿಲ್ಲ. ಹಂಚಿನ ಉದ್ದಕ್ಕೆ ಸರಿಯಾಗಿ ರೀಪು ಹೊಡೆಯಬೇಕಾಗಿ ಬಂದಾಗ ಇಲ್ಲಿನ ಆಚಾರಿಗಳು ಇಡೀ ಮಾಡಿನ ಲೆಕ್ಕವನ್ನು ಹೊಸದಾಗಿ ಹಾಕಿದರು. ಮರ ಕೊಳ್ಳಲಾಗದವರು ಅಡಿಕೆಮರ ಸೀಳಿ ರೀಪು ಮಾಡಿದರು. ಬೆಳಕು ಬೇಕಾದಲ್ಲಿ ಒಂದು ಗಾಜಿನ ಹಂಚು ಇಟ್ಟರು, ಅಡುಗೆಮನೆಯ ಹೊಗೆಗೆ ಮಾಡು ಎತ್ತಿ ಕಿಂಡಿ ಬಿಟ್ಟರು. ಕಾರ್ಖಾನೆ ಕೊಟ್ಟದ್ದು ಏಕರೂಪದ ತುಣುಕು. ಮನೆಗೆ ತಕ್ಕಂತೆ ಅದನ್ನು ಜೋಡಿಸಿದ್ದು ಊರಿನ ಕೈ. ಆದ್ದರಿಂದ ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಕಬ್ಬಿಣದ ಟ್ಯೂಬು, ಬಣ್ಣದ ಶೀಟು, ಪಾರದರ್ಶಕ ಪಾಲಿಕಾರ್ಬೊನೇಟ್ ಇವೂ ನಾಳೆಯ ಹಂಚುಗಳಾಗಬಹುದು, ಯಾರಾದರೂ ಅವನ್ನು ಯೋಚಿಸಿ ಜೋಡಿಸಿದರೆ. ಕೈಕೆಲಸವೂ ಸತ್ತಿಲ್ಲ. ಊರೂರಲ್ಲಿ ಬ್ರಹ್ಮಕಲಶ, ದೈವಸ್ಥಾನಗಳ ಜೀರ್ಣೋದ್ಧಾರ ನಡೆಯುತ್ತಿರುವವರೆಗೆ ಮರ, ಕಲ್ಲಿನ ಕೆತ್ತನೆಯವರಿಗೆ ಕೆಲಸವಿದೆ. ಕಾರ್ಕಳದ ಮಿಯಾರಿನಲ್ಲಿ ಸಿ.ಇ. ಕಾಮತ್ ಹೆಸರಿನ ಸಂಸ್ಥೆ ಎಳೆಯರಿಗೆ ಇದನ್ನು ಕಲಿಸುತ್ತಿದೆ. ಗುಡಿಯಲ್ಲಿ ಉಳಿ ಹಿಡಿದ ಆ ಕೈಗೆ ನಾವು ಮನೆಯಲ್ಲಿ ಕೊಡುವ ಕೆಲಸವೆಂದರೆ ಒಂದು ಬಾಗಿಲಿನ ಪ್ಯಾನೆಲ್. ಮಾಡಿನ ತುದಿ, ಮೆಟ್ಟಿಲಿನ ಕೈಹಿಡಿ, ಕಿಟಕಿಯ ದಳಿ ಇವನ್ನು ಅವರ ಜೊತೆ ಕೂತು ಮಾತಾಡಿ ತೀರ್ಮಾನಿಸುವವರು ವಿರಳ.

ಹಳೆಯ ಮನೆ ಬಿಚ್ಚಿದಾಗ ಸಿಕ್ಕ ಕಂಬ, ದಾರಂದಗಳನ್ನು ಕೊಂಡು ಹೊಸ ಮನೆಗೆ ಹಾಕುವುದನ್ನು ಸಂರಕ್ಷಣೆ ಎನ್ನಬಹುದೇ? ಗೆದ್ದಲಿಗೋ ಸೌದೆಗೋ ಹೋಗುವುದಕ್ಕಿಂತ ಮೇಲು, ಒಪ್ಪೋಣ. ಹಲಸು, ಸಾಗುವಾನಿ, ಕಿರಾಲುಬೋಗಿಯ ಅಂಥ ತೊಲೆ ಇವತ್ತು ಹಣ ಕೊಟ್ಟರೂ ಸಿಗದು. ಆದರೆ ಮಣಿಪಾಲದಲ್ಲಿ ವಿಜಯನಾಥ ಶೆಣೈ ಮಾಡಿದ್ದನ್ನು ಇದರ ಪಕ್ಕ ಇಟ್ಟು ನೋಡಬೇಕು. ಹರ್ಕೂರಿನ ಮನೆಯಂಥವನ್ನು ಅವರು ಒಂದೊಂದೇ ತುಂಡಿಗೆ ಗುರುತು ಹಾಕಿ ಬಿಚ್ಚಿ, ತಂದು, ಅದೇ ಅಳತೆಯಲ್ಲಿ ಮತ್ತೆ ನಿಲ್ಲಿಸಿದರು. ಅಲ್ಲಿ ಕಂಬಕ್ಕೆ ತನ್ನ ತೊಲೆ ಉಳಿಯಿತು. ಬಂಟ್ವಾಳದ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತು ಸಂಗ್ರಹಾಲಯ ಇನ್ನೊಂದು ದಾರಿ ಹಿಡಿಯಿತು: ಅರಮನೆಯ ಕೆತ್ತನೆಗಷ್ಟೇ ಅಲ್ಲ, ಸಾಮಾನ್ಯರ ಮನೆಯ ಪಾತ್ರೆಪಗಡಿ, ಬೇಸಾಯದ ಸಲಕರಣೆಗಳಿಗೂ ಅಲ್ಲಿ ಜಾಗವುಂಟು. ಇವೆರಡಕ್ಕೂ ಹೋಲಿಸಿದರೆ ಹಾಲಿನ ನಡುವೆ ಏನನ್ನೂ ಹೊರದೆ ನಿಂತ ಕಂಬ, ತನ್ನ ಕೆಲಸ ಕಳೆದುಕೊಂಡು ಮೆಚ್ಚುಗೆಗೆ ಕಾಯುವ ನಿವೃತ್ತ ಪಟೇಲನಂತೆ ಕಾಣುತ್ತದೆ.

ಮತ್ತೆ ಶೀಟಿನ ಮಾಡಿಗೆ ಬರೋಣ. ಅಡಿಕೆ ಒಣಗಲು ಒಳ್ಳೆಯ ಬಿಸಿಲಿನಲ್ಲಿ ನಲ್ವತ್ತು ದಿನ ಬೇಕು. ಹಿಂದೆ ಅದಕ್ಕೆಂದೇ ಮಳೆ ಬಿಟ್ಟೊಡನೆ ಅಂಗಳ ಕೆತ್ತಿ, ಸೆಗಣಿ ಸಾರಿಸಿ ಅಣಿ ಮಾಡುತ್ತಿದ್ದರು. ಅಂಗಳದ ಅಗಲ ತೋಟದ ಫಸಲಿಗೆ ತಕ್ಕಂತೆ ಇರುತ್ತಿತ್ತು. ಈಗ ಅಂಗಳಕ್ಕೆ ಇಂಟರ್‌ಲಾಕ್ ಬಂದಿದೆ, ಕಾರು ನಿಂತಿದೆ, ಅಡಿಕೆ ತಾರಸಿ ಹತ್ತಿದೆ. ದೀಪಾವಳಿ ಕಳೆದ ಮೇಲೂ ಹನಿಯುವ ಮಳೆಗೆ ಹೆದರಿ ಮೇಲೆ ಶೀಟು, ನಡುವೆ ಒಂದಿಷ್ಟು ಪಾರದರ್ಶಕ ಶೀಟು. ಅದೇ ಮಾಡು ತಾರಸಿ ಸೋರುವುದನ್ನು ನಿಲ್ಲಿಸುತ್ತದೆ, ಬೇಸಗೆಯಲ್ಲಿ ಸ್ಲ್ಯಾಬಿಗೆ ನೆರಳಾಗುತ್ತದೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸುತ್ತದೆ, ಮಕ್ಕಳಿಗೆ ಆಡಲು ಜಾಗವಾಗುತ್ತದೆ, ಮನೆಯ ಕಾರ್ಯಕ್ಕೆ ಊಟದ ಪಂಕ್ತಿ ಹಾಕಿಸುತ್ತದೆ. ಮುಂಬಯಿಯಲ್ಲಿರುವ ಕುಟುಂಬದವರು ಸೇರಿ ಹೊಸದಾಗಿ ಕಟ್ಟಿಸುವ ತರವಾಡು ಮನೆಗಳನ್ನು ನೋಡಿ: ವರ್ಷದ ಬಹುಕಾಲ ಬೀಗ, ದೈವದ ನೇಮದ ಎರಡು ದಿನ ನೂರಾರು ಜನ. ಅಲ್ಲೂ ಹೆಚ್ಚು ದುಡಿಯುವುದು ಗ್ರಾನೈಟಿನ ಮುಖವಲ್ಲ, ಬದಿಗೆ ಇಳಿಸಿದ ಶೀಟಿನ ಚಪ್ಪರ. ಇಷ್ಟು ಕೆಲಸ ಹೊತ್ತ ಭಾಗವನ್ನು ಕೊನೆಯಲ್ಲಿ ಉಳಿದ ದುಡ್ಡಿನಲ್ಲಿ, ಗೋಡೆಗೆ ಸಂಬಂಧವಿಲ್ಲದ ಎತ್ತರದಲ್ಲಿ, ಪಕ್ಕದ ಮನೆಗೆ ನೀರು ಬೀಳುವಂತೆ ಹಾಕಿಸುತ್ತೇವೆ. ಮೊದಲೇ ಬರೆದಿದ್ದರೆ ಅದರ ಚಾಚು ಗೋಡೆಯನ್ನೂ ಕಾಯುತ್ತಿತ್ತು, ಕೆಳಗಿನ ಸ್ಲ್ಯಾಬನ್ನು ಅರ್ಧ ಕಡಿಮೆ ಮಾಡಬಹುದಿತ್ತು, ಟ್ರಸ್ಸಿನ ಕಾಲು ಎಲ್ಲಿ ಬರಬೇಕೆಂದು ಕಂಬಗಳಿಗೆ ಗೊತ್ತಿರುತ್ತಿತ್ತು, ಜಂತಿಯ ತುದಿಗೆ ಆಚಾರಿಯ ಕೈಯ ಒಂದು ತಿರುವೂ ಬರಬಹುದಿತ್ತು.

ಇದಕ್ಕೆಲ್ಲ ಖರ್ಚು ಹೆಚ್ಚು ಎನ್ನುವವರಿಗೆ ಉತ್ತರ ಸುಲಭ. ಖರ್ಚು ಈಗಾಗಲೇ ಆಗುತ್ತಿದೆ, ಎರಡು ಸಲ: ಒಮ್ಮೆ ಸೋರುವ ತಾರಸಿಗೆ, ಮತ್ತೊಮ್ಮೆ ಅದನ್ನು ಮುಚ್ಚುವ ಮಾಡಿಗೆ. 2025ರ ಮಳೆಗಾಲದಲ್ಲಿ ಜಿಲ್ಲೆಯಲ್ಲಿ ಕೆಂಪುಕಲ್ಲು, ಮರಳು ಸಿಗದೆ ಕಟ್ಟಡದ ಕೆಲಸಗಳು ನಿಂತು ಕೂಲಿಯವರು ಬೀದಿಗೆ ಬಂದದ್ದನ್ನು ನೋಡಿದ ಮೇಲಂತೂ ಬೇಡದ ಗೋಡೆ, ಬೇಡದ ಕಂಬ ಏರಿಸುವುದು ಬರೀ ರುಚಿಯ ಪ್ರಶ್ನೆಯಾಗಿ ಉಳಿದಿಲ್ಲ. ನನ್ನ ದುಡ್ಡು, ನನ್ನ ಮನೆ, ನನಗೆ ಬೇಕಾದ ಹೂವು ಎನ್ನುವವರ ಸ್ವಾತಂತ್ರ್ಯಕ್ಕೆ ಅಡ್ಡಿಯಿಲ್ಲ. ಹೂವು ಇರಲಿ, ಒಂದು ಕಡೆ ಇರಲಿ, ಎಲ್ಲರೂ ಬಂದು ಕೂರುವ ಕಡೆ ಇರಲಿ. ಈ ಮೂರು ತಾಲೂಕುಗಳಲ್ಲಿ ಕೆಸರುಕಲ್ಲು ಹಾಕಲು ಮುಹೂರ್ತ ನೋಡಿಸಿಕೊಂಡು ಕೂತವರಲ್ಲಿ ಕೇಳಿಕೊಳ್ಳುವುದು ಒಂದೇ: ಎಂಜಿನಿಯರ್ ತಂದ ನಕ್ಷೆಗೆ ಸಹಿ ಹಾಕುವ ಮೊದಲು, ಒಂದೆರಡು ಮಳೆಗಾಲದ ನಂತರ ಹೇಗೂ ಹಾಕಿಸಲಿರುವ ಆ ಶೀಟಿನ ಮಾಡನ್ನು ಅದೇ ಕಾಗದದಲ್ಲಿ ಈಗಲೇ ಬರೆಸಿ, ಅದರ ನೀರು ಎಲ್ಲಿ ಬೀಳುತ್ತದೆಂದು ಬೆರಳಿಟ್ಟು ತೋರಿಸಲು ಹೇಳಿ.